ವಿಳಾಸಗಳಿಗೆ ಬಂದ ಬರಗಾಲ

ನೀರಿನ ಬರವೆಂಬುದು ಚೆನ್ನೈ ನಿವಾಸಿಗಳಿಗೆ ಹೊಸತಲ್ಲ. 2019ರ ಬೇಸಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕಂ ಜಲಾಶಯಗಳು ಬರಿದಾಗಿ, ಕೆಲವು ಹೋಟೆಲುಗಳು ಮಧ್ಯಾಹ್ನದ ಊಟವನ್ನೇ ನಿಲ್ಲಿಸಿದುದನ್ನು ನಮ್ಮ ಹೋಟೆಲು ಬಂಧುಗಳು ಮರೆತಿರಲಾರರು. ಕಣ್ಣಿಗೆ ಕಾಣದ ಇನ್ನೊಂದು ಬರವೂ ಈ ನಗರದಲ್ಲಿದೆ. ಅದು ಇಂಟರ್‌ನೆಟ್ ವಿಳಾಸಗಳ ಬರ. ರಾತ್ರಿ ಕೆಲಸ ಮುಗಿಸಿ ಕುಂದಾಪುರದ ಮನೆಯವರ ಮುಖವನ್ನು ಫೋನಿನಲ್ಲಿ ನೋಡಬಯಸುವ ಕೆಲಸಗಾರನಿಗೂ, ಕಚೇರಿಯ ಲೆಕ್ಕವನ್ನು ಮನೆಯಿಂದಲೇ ಬರೆಯುವ ಗುಮಾಸ್ತನಿಗೂ ಇದರ ಬಿಸಿ ತಟ್ಟುತ್ತಿರುವುದರಿಂದ, ಸಂಗತಿಯನ್ನು ಅರಿತಿರುವುದು ಲೇಸು.

ಬರ ಬಂದ ಬಗೆ

ಇಂಟರ್‌ನೆಟ್ಟಿನಲ್ಲಿ ವ್ಯವಹರಿಸುವ ಯಂತ್ರಕ್ಕೆ ಅಂಕೆಗಳ ರೂಪದ ಒಂದು ವಿಳಾಸವಿರಬೇಕು. ಅದಿಲ್ಲದಿದ್ದರೆ ಕೇಳಿದುದಕ್ಕೆ ಉತ್ತರ ಬಾರದು. 1981ರಲ್ಲಿ ನಿಗದಿಯಾದ ನಾಲ್ಕನೆಯ ಆವೃತ್ತಿಯ ಕ್ರಮದಂತೆ ಇಂತಹ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅಂದು ಅದು ಎಂದೂ ಬರಿದಾಗದ ಕಣಜವಾಗಿ ತೋರಿತು. ಭಾರತದ ಸಾರ್ವಜನಿಕರಿಗೆ 1995ರ ಆಗಸ್ಟ್ 15ರಂದು ಇಂಟರ್‌ನೆಟ್ ದೊರೆತಾಗ, ಮೊದಲು ಅದನ್ನು ಪಡೆದ ಕೆಲವೇ ನಗರಗಳಲ್ಲಿ ಮದರಾಸೂ ಒಂದಾಗಿತ್ತು. ಬಳಿಕ ಮನೆಮನೆಗೆ ಗಣಕಯಂತ್ರ ಬಂದಿತು, ಕೈಕೈಗೆ ಮೊಬೈಲು ಬಂದಿತು.

2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಕಟ್ಟುಗಳು ಹಂಚಿಹೋದವು. ಏಷ್ಯ ಮತ್ತು ಶಾಂತಸಾಗರ ವಲಯಕ್ಕೆ ವಿಳಾಸ ಹಂಚುವ ಏಪಿನಿಕ್ ಸಂಸ್ಥೆಯು ಅದೇ ವರ್ಷ ಏಪ್ರಿಲ್ 15ರಂದು ತನ್ನ ಕಡೆಯ ಕಟ್ಟಿಗೆ ಕೈಹಚ್ಚಿತು. ಅಂದಿನಿಂದ ಪಡಿತರದ ಪದ್ಧತಿ ಬಂದಿತು. ಆ ಕಟ್ಟಿನಿಂದ ಒಂದು ಸಂಸ್ಥೆಗೆ ಹೆಚ್ಚೆಂದರೆ 1,024 ವಿಳಾಸ ಎಂದಾಯಿತು. 2019ರಲ್ಲಿ ಈ ಮಿತಿಯನ್ನು 512ಕ್ಕೆ ಇಳಿಸಲಾಯಿತು. ಹಿಂದೆಯೇ ರಾಶಿ ರಾಶಿಯಾಗಿ ಪಡೆದ ದೊಡ್ಡ ಕಂಪೆನಿಗಳಿಗೆ ಚಿಂತೆ ಕಡಮೆ. ಬೀದಿಬೀದಿಗೆ ತಂತಿ ಎಳೆದು ಸಂಪರ್ಕ ಕೊಡುವ ಚಿಕ್ಕ ಸಂಸ್ಥೆಯಾದರೋ, ಸಾಲದ ವಿಳಾಸಗಳನ್ನು ಇತರರಿಂದ ಕ್ರಯಕ್ಕೆ ಕೊಳ್ಳಬೇಕು; ಒಂದೊಂದಕ್ಕೂ ಹತ್ತಾರು ಡಾಲರು ತೆರಬೇಕು.

ಇದ್ದುದರಲ್ಲಿ ಹಂಚಿಕೆ

ಹೋಟೆಲಿನ ಮಾಳಿಗೆಯಲ್ಲಿ ಇಪ್ಪತ್ತು ಮಂದಿ ವಾಸವಾಗಿದ್ದರೂ ಊರಿನ ಕಾಗದಗಳು ಹೋಟೆಲಿನ ಒಂದೇ ವಿಳಾಸಕ್ಕೆ ಬರುತ್ತವಷ್ಟೆ? ಗಲ್ಲಾದಲ್ಲಿ ಕುಳಿತವರು ಹೆಸರು ನೋಡಿ ಅವರವರಿಗೆ ಕೊಡುತ್ತಾರೆ. ಚಿಕ್ಕ ಸಂಸ್ಥೆಗಳು ಅನುಸರಿಸುವ ಉಪಾಯವೂ ಇದೇ. ಒಳಗಿನ ಬಳಕೆಗೆಂದು 2012ರಲ್ಲಿ ಪ್ರತ್ಯೇಕವಾಗಿ ತೆಗೆದಿರಿಸಿದ ಸುಮಾರು 42 ಲಕ್ಷ ವಿಳಾಸಗಳಿವೆ. ಇವನ್ನು ಯಾವ ಸಂಸ್ಥೆಯಾದರೂ ತನ್ನೊಳಗೆ ಬಳಸಬಹುದು. ಹೊರಗೆ ಮಾತ್ರ ಇವು ಚಲಾವಣೆಯಾಗವು. ಹೊರಗಿನ ಒಂದು ವಿಳಾಸಕ್ಕೆ 'ಪೋರ್ಟು' ಎಂಬ 65,536 ಸಂಖ್ಯೆಗಳುಂಟು. ಇವು ಕಾಫಿಯ ಟೋಕನ್ನುಗಳಿದ್ದಂತೆ. ಮೊದಲಿನ 1,024ನ್ನು ಬಿಟ್ಟು ಉಳಿದುದನ್ನು 64 ಮನೆಗಳಿಗೆ ಹಂಚಿದರೆ, ಮನೆಯೊಂದಕ್ಕೆ 1,008 ಸಿಗುತ್ತವೆ. ಹೀಗೆ 256 ವಿಳಾಸಗಳಿಂದ 16,384 ಮನೆಗಳನ್ನು ಸಾಗಿಸಬಹುದು.

ಉಳಿದ 256ರಲ್ಲಿಯೂ ಜಾಣತನ ಬೇಕು. ಸ್ವಂತ ವಿಳಾಸ ಬೇಕೆನ್ನುವ ಅಂಗಡಿಗೆ ಹಳೆಯ ಪದ್ಧತಿಯಂತೆ ನಾಲ್ಕರ ಕಟ್ಟನ್ನು ಕೊಟ್ಟರೆ, ಗಿರಾಕಿಯ ಉಪಯೋಗಕ್ಕೆ ಬರುವುದು ಒಂದೇ. ಮೂರು ವ್ಯವಸ್ಥೆಗೇ ಸಲ್ಲುತ್ತವೆ. 224 ವಿಳಾಸ ಮೀಸಲಿಟ್ಟರೂ 56 ಗಿರಾಕಿಗಳಿಗೆ ಸಾಕು. ಪ್ರವೇಶಪದ ನೀಡಿ ಒಳಬರುವ ವಿಧಾನದಲ್ಲಿ ಒಬ್ಬರಿಗೆ ಒಂದರಂತೆ ಕೊಟ್ಟರೆ 224 ಮಂದಿಗೂ ದೊರೆಯುತ್ತದೆ. ಸಂಪರ್ಕ ಬಿಟ್ಟುಹೋದವರ ವಿಳಾಸವನ್ನು ಹಿಂದಕ್ಕೆ ಪಡೆದು ಕಡತದಲ್ಲಿ ಬರೆದಿಡುವುದೂ ಅಷ್ಟೇ ಮುಖ್ಯ.

ಕಷ್ಟ ಯಾರಿಗೆ?

ಈ ಹಂಚಿಕೆಯ ಭಾರವು ಹೆಚ್ಚಾಗಿ ಬೀಳುವುದು ಒಟ್ಟಾಗಿ ವಾಸಿಸುವ ಬಡವರ ಮೇಲೆ. ಇಪ್ಪತ್ತು ಮಂದಿಯ ಕೊಠಡಿಯೂ ಸಂಸ್ಥೆಯ ಲೆಕ್ಕದಲ್ಲಿ ಒಂದೇ 'ಮನೆ'. 1,008 ಪೋರ್ಟುಗಳು ತಲೆಗೆ ಐವತ್ತರಂತೆ ಬರುತ್ತವೆ. ಒಂದು ಪುಟವನ್ನು ತೆರೆಯುವುದಕ್ಕೇ ಹಲವು ಬೇಕಾಗುವುದರಿಂದ, ರಾತ್ರಿ ಎಲ್ಲರೂ ಒಮ್ಮೆಲೇ ಫೋನು ಹಿಡಿದಾಗ ಇವು ಸಾಲದೆ ಹೋಗಬಹುದು. ಅಂತಹ ಕೊಠಡಿಗೆ ಎರಡು ಪಾಲು ಕೊಡುವಂತೆ ಸಂಸ್ಥೆಯನ್ನು ಕೇಳಿಕೊಳ್ಳುವುದು ಯುಕ್ತ.

ಎರಡನೆಯದು ಗೌರವದ ಪ್ರಶ್ನೆ. ಒಂದೇ ವಿಳಾಸದ ಹಿಂದೆ 64 ಮನೆಗಳಿರುವಾಗ, ಒಬ್ಬನು ವಂಚನೆ ನಡೆಸಿದರೆ ಸಂಶಯವು ಎಲ್ಲರ ಮೇಲೂ ಬೀಳುತ್ತದೆ. ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಆದೇಶಿಸಿತು. ವಿಳಾಸದೊಡನೆ ಪೋರ್ಟಿನ ಸಂಖ್ಯೆಯೂ ಸಮಯವೂ ಇದ್ದರೆ ಮಾತ್ರ ನಿಜವಾದ ಮನೆ ಗೊತ್ತಾಗುವುದು. ಪ್ರತಿ ಮನೆಯ ಪೋರ್ಟುಗಳನ್ನು ಮೊದಲೇ ಗೊತ್ತುಪಡಿಸಿದ ಸಂಸ್ಥೆಗೆ ಈ ಕಡತ ಹಗುರ, ನಿರಪರಾಧಿಗೂ ಕ್ಷೇಮ.

ನಿಜವಾದ ಪರಿಹಾರ

ಬರಕ್ಕೆ ಮದ್ದು ಆರನೆಯ ಆವೃತ್ತಿಯ ವಿಳಾಸಗಳು. ಇವುಗಳ ಒಟ್ಟು ಸಂಖ್ಯೆಯನ್ನು ಬರೆಯಲು 39 ಅಂಕೆಗಳು ಬೇಕು. 2012ರ ಜೂನ್ 6ರಂದು ಇವನ್ನು ಜಗತ್ತಿನಾದ್ಯಂತ ವಿಧ್ಯುಕ್ತವಾಗಿ ಬಳಕೆಗೆ ತರಲಾಯಿತು. 2016ರಲ್ಲಿ ಜಿಯೋ ಸಂಸ್ಥೆಯು ಮೊಬೈಲುಗಳಿಗೆ ಇವನ್ನೇ ಹಂಚತೊಡಗಿದ ಮೇಲೆ ಭಾರತವು ಈ ಬಳಕೆಯಲ್ಲಿ ಮುಂಚೂಣಿಗೆ ಬಂದಿತು. ಆದರೂ ಹಳೆಯ ಯಂತ್ರಗಳೂ ಹಳೆಯ ತಾಣಗಳೂ ಇರುವವರೆಗೆ ನಾಲ್ಕನೆಯ ಆವೃತ್ತಿಯನ್ನು ಕೈಬಿಡುವಂತಿಲ್ಲ.

ಆದುದರಿಂದ ಮನೆಗಾಗಲಿ ಹೋಟೆಲಿಗಾಗಲಿ ಹೊಸ ಸಂಪರ್ಕ ಪಡೆಯುವವರು, ವೇಗವನ್ನೂ ಬಾಡಿಗೆಯನ್ನೂ ವಿಚಾರಿಸುವುದರ ಜೊತೆಗೆ, ಆರನೆಯ ಆವೃತ್ತಿಯ ವಿಳಾಸ ಕೊಡುವಿರಾ, ಹಳೆಯ ವಿಳಾಸವನ್ನು ಎಷ್ಟು ಮನೆಗಳೊಡನೆ ಹಂಚಿಕೊಳ್ಳಬೇಕು ಎಂದೂ ಕೇಳತಕ್ಕದ್ದು. ಕೇಳುವವರು ಹೆಚ್ಚಿದಷ್ಟೂ ಹಂಚುವವರು ಎಚ್ಚರದಿಂದಿರುವರು.