ಎಂಟು ಉತ್ತರಗಳ ನೆನಪು

ದೂರದ ಗಡಿಯಾರವೊಂದು ಇನ್ನೂ ಓಗೊಡುತ್ತಿದೆಯೆ ಎಂಬುದನ್ನು ಗಣಕಯಂತ್ರವು ಅರಿಯುವುದೆಂತು? ಡೇವಿಡ್ ಮಿಲ್ಸ್ ರೂಪಿಸಿ 1985ರಲ್ಲಿ ವಿವರಿಸಿದ, ಎನ್‌ಟಿಪಿ ಎಂಬ ವೇಳೆ ಹೊಂದಿಸುವ ಪದ್ಧತಿಯಲ್ಲಿ ಇದಕ್ಕೆ ಎಂಟೇ ಬಿಟ್‌ಗಳ ಸಾಲು ಸಾಕು.

ವಿಚಾರಿಸಿದಾಗಲೆಲ್ಲ ಸಾಲು ಎಡಕ್ಕೆ ಸರಿಯುತ್ತದೆ. ತೀರ ಹಳೆಯ ಬಿಟ್ ಉದುರಿ, ಬಲತುದಿಗೆ ಸೊನ್ನೆ ಬಂದು ಕೂರುತ್ತದೆ. ಉತ್ತರ ಬಂದರೆ ಆ ಸೊನ್ನೆಯೇ ಒಂದಾಗುತ್ತದೆ. ಎಂಟೂ ಒಂದಾಗಿದ್ದರೆ, ಎಂಟನ್ನು ಆಧಾರವಾಗಿಸಿದ ಎಣಿಕೆಯಲ್ಲಿ, 377. ಈಗಷ್ಟೆ ಒಂದು ಉತ್ತರ ತಪ್ಪಿದ್ದರೆ 376. ಮುಂದೆ ತಪ್ಪದೆ ಉತ್ತರ ಬಂದರೆ ಆ ಲೋಪವು 375, 373, 367 ಎಂದು ಎಡಕ್ಕೆ ಜರುಗಿ, ಎಂಟನೆಯ ಉತ್ತರಕ್ಕೆ ಅಳಿಸಿಹೋಗುತ್ತದೆ.

ಒಂದು ಮೌನಕ್ಕೇ ತೊರೆದರೆ ಒಳ್ಳೆಯ ಗಡಿಯಾರವನ್ನು ಕಳೆದುಕೊಂಡೇವು. ಹಳೆಯ ನಿಷ್ಠೆಯನ್ನೇ ನೆಚ್ಚಿದರೆ ನಿಂತುಹೋದುದನ್ನು ಕಾಯುತ್ತ ಕುಳಿತೇವು. ಎಂಟೂ ಸೊನ್ನೆಯಾದಾಗಲೇ ಅದು ಎಟುಕದ್ದೆಂದು ಗಣನೆ. 64 ಸೆಕೆಂಡಿಗೊಮ್ಮೆ ವಿಚಾರಿಸಿದರೆ ಸುಮಾರು ಎಂಟೂವರೆ ನಿಮಿಷ. ಆದರೆ ಈ ಸಾಲು ಹೇಳುವುದು ಉತ್ತರ ಬಂದಿತೆಂದಷ್ಟೆ. ಬಂದ ವೇಳೆ ಸರಿಯೆ ಎಂಬುದಕ್ಕೆ ಬೇರೆ ಪರೀಕ್ಷೆಗಳುಂಟು.