ರಾಗಿ ಬೇಗಲ್: ಮನೆಯ ಒಲೆಯಿಂದ ಮಾರುಕಟ್ಟೆಗೆ

ಮಂಡ್ಯ ಜಿಲ್ಲೆಯೆಂದೊಡನೆ ಕಬ್ಬು, ಭತ್ತ ಹಾಗೂ ಬೆಲ್ಲ ನೆನಪಾಗುವುದು ಸಹಜ. ಆದರೆ ನಾಲೆಯ ನೀರು ಹರಿಯುವ ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ದಾಟಿ ನಾಗಮಂಗಲ ಹಾಗೂ ಕೆ.ಆರ್. ಪೇಟೆಯ ಮಳೆಯಾಶ್ರಿತ ಹೊಲಗಳನ್ನು ತಲುಪಿದರೆ ಅಲ್ಲಿ ರಾಗಿಯದೇ ಆಳ್ವಿಕೆ. ರೈತನು ಈ ರಾಗಿಯನ್ನು ಸಾಮಾನ್ಯವಾಗಿ ಧಾನ್ಯರೂಪದಲ್ಲಿಯೇ ಮಾರುತ್ತಾನೆ. ಬಿಸ್ಕತ್ತು, ಬ್ರೆಡ್ಡುಗಳ ರೂಪ ತಾಳಿ ಹೊರ ಊರುಗಳ ಕಾರ್ಖಾನೆಗಳಿಂದ ಅದು ನಮ್ಮ ಅಂಗಡಿಗಳಿಗೆ ಮರಳಿದಾಗ, ನಡುವಿನ ಲಾಭವು ಜಿಲ್ಲೆಯ ಹೊರಗೆ ಉಳಿದಿರುತ್ತದೆ. ಈ ಲಾಭದ ಒಂದು ಪಾಲನ್ನು ನಮ್ಮ ಕುಟುಂಬಗಳೇ ಗಳಿಸಲು ಸಾಧ್ಯವೇ ಎಂಬುದನ್ನು ಬೇಗಲ್ ಎಂಬ ಒಂದು ತಿನಿಸಿನ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಬೇಗಲ್ ಎಂದರೇನು?

ಬೇಗಲ್ ಪೋಲೆಂಡಿನ ಯಹೂದಿಗಳ ರೊಟ್ಟಿ. ಕ್ರಾಕೋವ್ ನಗರದ ಯಹೂದಿ ಸಮುದಾಯದ 1610ರ ದಾಖಲೆಯಲ್ಲಿ ಇದರ ಉಲ್ಲೇಖವಿದೆ. ವಲಸೆಗಾರರೊಡನೆ ಅಮೆರಿಕೆಗೆ ತೆರಳಿ ಅಲ್ಲಿಯ ಬೆಳಗಿನ ಉಪಾಹಾರವಾಯಿತು. ಆಕಾರದಲ್ಲಿ ಇದು ನಮ್ಮ ಕೋಡುಬಳೆಯ ಹಿರಿಯಣ್ಣ. ಆದರೆ ಎಣ್ಣೆಯಲ್ಲಿ ಕರಿಯುವ ಬದಲು ಮೊದಲು ಕುದಿಯುವ ನೀರಿನಲ್ಲಿ ಅದ್ದಿ, ಅನಂತರ ಓವನ್ನಿನಲ್ಲಿ ಬೇಯಿಸಲಾಗುತ್ತದೆ. ಕಡಿಮೆ ಜಿಡ್ಡು, ಗಟ್ಟಿ ಮೈ ಹಾಗೂ ಸಾಗಣೆಯಲ್ಲಿ ಪುಡಿಯಾಗದ ಗುಣ ವ್ಯಾಪಾರಕ್ಕೆ ಅನುಕೂಲಕರ.

ಕುಟುಂಬವೇ ಬೇಕರಿ ನಡೆಸುವ ಪರಂಪರೆಯೂ ನಮಗೆ ಹೊಸತಲ್ಲ. ಹಾಸನ ಸೀಮೆಯಿಂದ ಬೆಂಗಳೂರಿಗೆ ಹೋದ ಅಯ್ಯಂಗಾರ್ ಕುಟುಂಬದವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ತೆರೆದರು. ಮುಂದೆ ಅಯ್ಯಂಗಾರ್ ಬೇಕರಿಗಳು ನಾಡಿನಾದ್ಯಂತ ಹರಡಿದ್ದು ಬಂಧುಬಳಗದ ದುಡಿಮೆಯ ಬಲದಿಂದಲೇ.

ರಾಗಿಯ ಸ್ವಭಾವ

ರಾಗಿಯಲ್ಲಿ ಗೋಧಿಯ ಅಂಟು, ಅಂದರೆ ಗ್ಲುಟೆನ್ ಇಲ್ಲ. ಆದ್ದರಿಂದ ಕೇವಲ ರಾಗಿ ಹಿಟ್ಟಿನ ಕಣಕವು ಯೀಸ್ಟಿನ ಗಾಳಿಯನ್ನು ಹಿಡಿದಿಡಲಾರದು. ಬೇಗಲ್ ಉಬ್ಬದೆ ಬಿರಿಯುತ್ತದೆ. ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಕುದಿನೀರಿಗೆ ಬಿದ್ದ ರಾಗಿ ಹಿಟ್ಟಿನ ಪಿಷ್ಟವು ಅಂಟಾಗಿ ಮುದ್ದೆ ಕಟ್ಟುತ್ತದೆ. ಒಂದು ಪಾಲು ರಾಗಿಯನ್ನು ಹೀಗೆ ಮೊದಲೇ ಬೇಯಿಸಿ ಬೆರೆಸಿದರೆ ಕಣಕಕ್ಕೆ ಬಿಗಿಯೂ ರೊಟ್ಟಿಗೆ ಮೃದುತ್ವವೂ ಬರುತ್ತವೆ.

ಮನೆಮಂದಿಯ ಕೆಲಸ

ಪ್ರಾರಂಭಿಕ ಪ್ರಯೋಗಕ್ಕೆ ಈ ಪ್ರಮಾಣ ಸೂಕ್ತ: ಗೋಧಿ ಹಿಟ್ಟು 700 ಗ್ರಾಂ, ರಾಗಿ ಹಿಟ್ಟು 300 ಗ್ರಾಂ, ಒಣ ಯೀಸ್ಟ್ 10 ಗ್ರಾಂ, ಉಪ್ಪು 18 ಗ್ರಾಂ, ಬೆಲ್ಲದ ಪುಡಿ 30 ಗ್ರಾಂ. ರಾಗಿ ಹಿಟ್ಟಿನಲ್ಲಿ 100 ಗ್ರಾಂ ತೆಗೆದು 250 ಮಿಲಿಲೀಟರ್ ಕುದಿನೀರಿನಲ್ಲಿ ಗಂಟಿಲ್ಲದಂತೆ ತೊಳೆಸಿ ಆರಿಸಬೇಕು. ಉಳಿದ ಸಾಮಗ್ರಿಯೊಡನೆ ಸುಮಾರು 400 ಮಿಲಿಲೀಟರ್ ನೀರು ಸೇರಿಸಿ ಹತ್ತು ನಿಮಿಷ ನಾದಿ, ಕಣಕ ದುಪ್ಪಟ್ಟಾಗುವವರೆಗೆ ಮುಚ್ಚಿಡಬೇಕು. ಇದರಿಂದ ಸುಮಾರು 16 ಬೇಗಲ್‌ಗಳಾಗುತ್ತವೆ.

ಬಳೆ ತಟ್ಟುವುದು ಹಿರಿಯರಿಗೂ ಮಕ್ಕಳಿಗೂ ಸಮಾನವಾಗಿ ಒಗ್ಗುವ ಕೆಲಸ. ಕುದಿನೀರು ಮತ್ತು ಓವನ್ ಮಾತ್ರ ದೊಡ್ಡವರ ಕೈಯಲ್ಲಿರಲಿ. ಬಳೆಗಳನ್ನು ಅರ್ಧ ಗಂಟೆ ಬಿಟ್ಟು, ತುಸು ಬೆಲ್ಲ ಬೆರೆಸಿದ ಕುದಿಯುವ ನೀರಿನಲ್ಲಿ ಪ್ರತಿ ಬದಿಗೂ ಅರ್ಧ ನಿಮಿಷ ಅದ್ದಿ ತೆಗೆಯಬೇಕು. ಅನಂತರ ಎಳ್ಳು ಉದುರಿಸಿ 220 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20ರಿಂದ 25 ನಿಮಿಷ ಬೇಯಿಸಬೇಕು. ಪಾಶ್ಚಾತ್ಯರು ಈ ನೀರಿಗೆ ಬಾರ್ಲಿ ಮಾಲ್ಟ್ ಅಥವಾ ಜೇನು ಬಳಸುವರು. ಪಾಂಡವಪುರದ ಆಲೆಮನೆಯ ಬೆಲ್ಲವು ಅದೇ ಕೆಂಪು ಹೊಳಪನ್ನು ಕೊಡಬಲ್ಲದು.

ಲೆಕ್ಕಾಚಾರ

2025-26ನೇ ಸಾಲಿಗೆ ಕೇಂದ್ರ ಸರ್ಕಾರ ಘೋಷಿಸಿದ ರಾಗಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಈ ದರದಲ್ಲಿ 300 ಗ್ರಾಂ ರಾಗಿಗೆ ಸುಮಾರು 14 ರೂಪಾಯಿ 65 ಪೈಸೆ. ಅಂದರೆ ಒಂದು ಬೇಗಲ್‌ನಲ್ಲಿ ರಾಗಿಯ ಬೆಲೆ ಒಂದು ರೂಪಾಯಿಗೂ ಕಡಿಮೆ. ಹಸನುಗೊಳಿಸುವ, ಬೀಸುವ ಖರ್ಚು ಸೇರಿದರೂ ಹೆಚ್ಚಿನ ವ್ಯತ್ಯಾಸವಾಗದು. ನಿಜವಾದ ವೆಚ್ಚ ಇರುವುದು ವಿದ್ಯುತ್ತು, ದುಡಿಮೆ, ಪೊಟ್ಟಣ ಹಾಗೂ ಮಾರಾಟವಾಗದೆ ಉಳಿಯುವ ಮಾಲಿನಲ್ಲಿ.

ಇದರಿಂದ ತಿಳಿಯುವ ಸಂಗತಿ ಮಹತ್ವದ್ದು. ಹೆಸರಿಗೆ ಒಂದು ಹಿಡಿ ರಾಗಿ ಹಾಕಿ, ಉಳಿದುದಕ್ಕೆ ಮೈದಾ ತುಂಬಿ, ಬಣ್ಣದಿಂದ ಕಪ್ಪಾಗಿಸುವವನು ಉಳಿಸುವುದು ಪೈಸೆಗಳನ್ನು ಮಾತ್ರ. ಕಳೆದುಕೊಳ್ಳುವುದು ಗಿರಾಕಿಯ ನಂಬಿಕೆಯನ್ನು. ಸಣ್ಣ ಉತ್ಪಾದಕನಿಗೆ ಜಾಹೀರಾತಿನ ಬಲವಿಲ್ಲ. ನಂಬಿಕೆಯೇ ಅವನ ಮೂಲ ಬಂಡವಾಳ.

ಗಮನಿಸಬೇಕಾದ ಅಂಶಗಳು

1. ಮನೆಯಲ್ಲಿ ತಯಾರಿಸಿ ಮಾರುವವರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಪಡೆಯುವುದು ಕಡ್ಡಾಯ.

2. 2020ರ ಲೇಬಲ್ ನಿಯಮಾವಳಿಯ ಪ್ರಕಾರ ಪೊಟ್ಟಣದ ಮೇಲೆ ರಾಗಿಯನ್ನು ಎತ್ತಿ ತೋರಿಸಿದರೆ ಅದರ ಶೇಕಡಾ ಪ್ರಮಾಣವನ್ನೂ ಮುದ್ರಿಸಬೇಕು. ಈ ಪ್ರಮಾಣ ತಿಳಿಸುವ ಸಾಲನ್ನು ಹೊರೆಯೆಂದು ಭಾವಿಸದೆ ಮಾರಾಟದ ಮಾತಾಗಿ ಬಳಸಿಕೊಳ್ಳಬೇಕು.

3. ಗೋಧಿ ಬೆರೆತ ಬೇಗಲ್ ಗ್ಲುಟೆನ್‌ರಹಿತವಲ್ಲ. ಕಿಲೋಗ್ರಾಮಿಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಿದರೆ ಆ ಹೆಸರು ಬಳಸುವಂತಿಲ್ಲ. ಗೋಧಿ ಬೀಸಿದ ಗಿರಣಿಯಲ್ಲಿಯೇ ಬೀಸಿದ ಶುದ್ಧ ರಾಗಿ ಹಿಟ್ಟಿನಲ್ಲಿಯೂ ಈ ಮಿತಿ ಮೀರಬಹುದು. ಗೋಧಿ ಒಗ್ಗದ ರೋಗಿಗಳಿಗೆ ಇದು ಆರೋಗ್ಯದ ಪ್ರಶ್ನೆ.

4. ಹಿಂದೆ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಬೀಸಿದ ಹಿಟ್ಟು ಬೇಗ ಕಹಿಯಾಗುತ್ತದೆ. ಆಗಾಗ ಬೀಸಿ ಬಳಸುವ ತಾಜಾತನವು ಸ್ಥಳೀಯ ಉತ್ಪಾದಕನಿಗಿರುವ ಅನುಕೂಲ.

5. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಅದೇ ಓವನ್ನಿನಲ್ಲಿ ರಾಗಿ ಬಿಸ್ಕತ್ತನ್ನೂ ತಯಾರಿಸುವ ಯೋಚನೆ ಲಾಭದಾಯಕವಾದೀತು.

ನೆರವು ಮತ್ತು ಮಾರುಕಟ್ಟೆ

ರಾಗಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ವಿಶೇಷ ಸ್ಥಾನವಿದೆ. ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಭಾರತೀಯ ಹಾಗೂ ಆಫ್ರಿಕನ್ ತಳಿಗಳ ಸಂಕರದಿಂದ ಇಂಡಾಫ್ ತಳಿಗಳನ್ನು ರೂಪಿಸಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಅಲ್ಲಿಯೇ ಅಭಿವೃದ್ಧಿಪಡಿಸಿದ ಕೆ.ಎಂ.ಆರ್.-340 ಬಿಳಿ ರಾಗಿಯು, ಕಪ್ಪು ಬಣ್ಣ ಒಲ್ಲದ ಗಿರಾಕಿಗಳಿಗಾಗಿ ಬೇಕರಿ ತಿನಿಸು ತಯಾರಿಸಲು ಅನುಕೂಲಕರ. ಶ್ರೀರಂಗಪಟ್ಟಣದ ನೆರೆಯ ಮೈಸೂರಿನಲ್ಲಿಯೇ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ.

ಮಾರುಕಟ್ಟೆಯೂ ದೂರವಿಲ್ಲ. ಶ್ರೀರಂಗಪಟ್ಟಣಕ್ಕೆ ಪ್ರವಾಸಿಗಳು, ಮೇಲುಕೋಟೆ ಹಾಗೂ ಆದಿಚುಂಚನಗಿರಿಗೆ ಯಾತ್ರಿಕರು ಬರುತ್ತಲೇ ಇರುತ್ತಾರೆ. ಮೇಲುಕೋಟೆಯ ಪುಳಿಯೋಗರೆ ಊರಿನ ಹೆಸರಿನಿಂದಲೇ ಮಾರಾಟವಾಗುವ ಉದಾಹರಣೆ ಕಣ್ಣ ಮುಂದಿದೆ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಬಳಿಕ ವಾಹನಗಳು ಊರ ಹೊರಗಿನಿಂದಲೇ ಸಾಗುತ್ತಿವೆ. ರಸ್ತೆಬದಿಯ ಗಿರಾಕಿಯನ್ನು ಕಾಯುತ್ತ ಕೂರುವ ಬದಲು ಬೆಂಗಳೂರು, ಮೈಸೂರಿನ ಅಂಗಡಿಗಳಿಗೆ ಮುಂಗಡ ಬೇಡಿಕೆಯಂತೆ ಸರಬರಾಜು ಮಾಡುವುದು ಕ್ಷೇಮಕರ.

ಮೊದಲು ವಾರಕ್ಕೊಮ್ಮೆ ಮನೆಗೆ ಹಾಗೂ ನೆರೆಹೊರೆಗೆ ಸಾಕಾಗುವಷ್ಟು ತಯಾರಿಸಿ, ರುಚಿ ಮತ್ತು ಲೆಕ್ಕ ಎರಡೂ ಕುದುರಿದ ಅನಂತರವೇ ದೊಡ್ಡ ಓವನ್ನಿಗೆ ಸಾಲ ಪಡೆಯುವುದು ಜಾಣತನ. ನಾಗಮಂಗಲದ ರಾಗಿಗೂ ಪಾಂಡವಪುರದ ಬೆಲ್ಲಕ್ಕೂ ಒಂದೇ ಪೊಟ್ಟಣದಲ್ಲಿ ಬೆಲೆ ದೊರೆಯುವುದಾದರೆ, ಅದನ್ನು ಕಟ್ಟುವ ಕೈಗಳು ನಮ್ಮ ತಾಲ್ಲೂಕುಗಳವೇ ಆಗಿರಬೇಕು.