ಪಾಂಟೂನ್ ಕೊಳ್ಳುವ ಮುನ್ನ: ಆರು ಮನೆಯವರ ಲೆಕ್ಕಾಚಾರ

ಅಕ್ಟೋಬರ್ ಕಳೆದು ಬಿಸಿಲಿನ ಕಾವು ಇಳಿಯಿತೆಂದರೆ ಯುಎಇಯಲ್ಲಿರುವ ನಮ್ಮವರ ವಾಟ್ಸ್ಯಾಪ್ ಗುಂಪುಗಳಲ್ಲಿ ಮೀನಿನ ಫೋಟೊಗಳು ಬರತೊಡಗುತ್ತವೆ. ಒಬ್ಬರು ಶೇರಿ ಹಿಡಿದಿರುತ್ತಾರೆ, ಇನ್ನೊಬ್ಬರು ಹಮ್ಮೂರ್ ಎತ್ತಿ ತೋರಿಸುತ್ತಿರುತ್ತಾರೆ. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಪ್ರತಿ ಸಲ ಬಾಡಿಗೆ ಕೊಡುವ ಬದಲು ನಾಲ್ಕೈದು ಮನೆಯವರು ಸೇರಿ ಒಂದು ಪಾಂಟೂನ್ ದೋಣಿಯನ್ನೇ ಕೊಂಡರೆ ಹೇಗೆ?

ನಾವು ಆರು ಮನೆಯವರು ಈ ಪ್ರಶ್ನೆಯನ್ನು ನಿಜವಾಗಿಯೇ ಕೈಗೆತ್ತಿಕೊಂಡೆವು. ನಮ್ಮಲ್ಲಿ ಮಲ್ಪೆಯವರಿದ್ದಾರೆ, ಭಟ್ಕಳದವರಿದ್ದಾರೆ, ಕೆರೆ ಬಿಟ್ಟರೆ ಬೇರೆ ನೀರು ಕಾಣದ ಹಾವೇರಿಯವರೂ ಇದ್ದಾರೆ. ಗೋದಾಮು, ಕಟ್ಟಡದ ಸೈಟು, ಅಕೌಂಟ್ಸ್, ಆಸ್ಪತ್ರೆಯ ಔಷಧ ವಿಭಾಗ – ಹೀಗೆ ಒಬ್ಬೊಬ್ಬರದು ಒಂದೊಂದು ಕೆಲಸ. ಯಾರದೂ ದೊಡ್ಡ ಸಂಬಳವಲ್ಲ. ದೋಣಿಗೆ ಹಾಕುವ ಹಣವೆಂದರೆ ಊರಿನ ಮನೆಸಾಲದ ಕಂತು, ಮಕ್ಕಳ ಫೀಸು ಎಲ್ಲ ಕಳೆದು ಉಳಿಸಿದ ಹಣ. ಅದಕ್ಕಿಂತ ದೊಡ್ಡ ಮಾತೆಂದರೆ, ಆರು ಮನೆಗಳಲ್ಲಿ ನಾಲ್ಕರ ಮಕ್ಕಳಿಗೆ ಈಜು ಬಾರದು. ಆದ್ದರಿಂದ ಆತುರಪಡದೆ ಒಂದು ಇಡೀ ಚಳಿಗಾಲ ಕೇಳಿ, ನೋಡಿ, ಬಾಡಿಗೆಗೆ ಹಿಡಿದು ಓಡಾಡಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಇದು ದೋಣಿಯೋ, ಚಪ್ಪರವೋ?

ಪಾಂಟೂನ್ ಎಂದರೆ ಎರಡು ಅಥವಾ ಮೂರು ಉದ್ದನೆಯ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಹಾಸಿದ ಸಮತಟ್ಟಾದ ಅಟ್ಟ. ಸುತ್ತ ಕಟಾಂಜನ, ಮೇಲೆ ಬಟ್ಟೆಯ ಚಾವಣಿ, ಒಳಗೆ ಸೋಫಾ, ಹಿಂದೆ ಔಟ್‌ಬೋರ್ಡ್ ಎಂಜಿನ್. 1952ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಆಂಬ್ರೋಸ್ ವೀರ್ಸ್ ಎಂಬ ರೈತರು ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಬೆಸೆದು, ಎರಡು ಸಾಲಿನ ಮೇಲೆ ಮರದ ಅಟ್ಟ ಕೂರಿಸಿದ್ದರಿಂದ ಇದು ಶುರುವಾಯಿತು. ನಮ್ಮ ಕರಾವಳಿಯವರಿಗೆ ಈ ಉಪಾಯ ಹೊಸದೇನಲ್ಲ. ಸೇತುವೆಗಳು ಬರುವ ಮೊದಲು ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ವಾಹನಗಳನ್ನು ಹೊಳೆ ದಾಟಿಸುತ್ತಿದ್ದ ಜಂಗಲ್ ಇದರ ಅಣ್ಣನೇ.

ಶೋರೂಮಿನಲ್ಲಿ ಮೊದಲ ಸಲ ನೋಡಿದಾಗ ನಮ್ಮ ಮಲ್ಪೆಯ ಗೆಳೆಯರು, "ಇದು ದೋಣಿ ಅಲ್ಲ ಮಾರಾಯ್ರೆ, ಮದುವೆ ಚಪ್ಪರ" ಎಂದುಬಿಟ್ಟರು. ಆದರೆ ಚಪ್ಪರಕ್ಕೆ ತನ್ನದೇ ಅನುಕೂಲವಿದೆ. ವಿಸಿಟ್ ವೀಸಾದಲ್ಲಿ ಬರುವ ಅಪ್ಪ-ಅಮ್ಮಂದಿರ ಮಂಡಿನೋವು ನಮಗೆಲ್ಲ ಗೊತ್ತಿರುವುದೇ. ಸಾಮಾನ್ಯ ಮೀನುಗಾರಿಕೆ ದೋಣಿಗೆ ಅವರನ್ನು ಹತ್ತಿಸಬೇಕಾದರೆ ಇಬ್ಬರು ಎತ್ತಿ ಇಳಿಸಬೇಕು. ಪಾಂಟೂನಿನ ಅಟ್ಟ ಜೆಟ್ಟಿಯ ಮಟ್ಟಕ್ಕೆ ಹತ್ತಿರ ಇರುತ್ತದೆ, ಬಾಗಿಲು ಅಗಲ, ನೆಲ ಸಪಾಟು. ಒಂದು ಪಕ್ಕಕ್ಕೆ ನಾಲ್ಕು ಜನ ಸರಿದರೂ ಅಷ್ಟು ವಾಲುವುದಿಲ್ಲ.

ಮೊದಲು ನೀರು, ಆಮೇಲೆ ದೋಣಿ

ಯಾವ ಕಂಪನಿ, ಎಷ್ಟು ಎಚ್‌ಪಿ ಎಂಬುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು: ಎಲ್ಲಿ ಓಡಿಸುತ್ತೇವೆ? ಪಾಂಟೂನ್ ಹುಟ್ಟಿದ್ದು ಕೆರೆ-ಸರೋವರಗಳಿಗೆ. ಅದರ ಮುಂಭಾಗ ತಗ್ಗು. ಎದುರಿನಿಂದ ಗಿಡ್ಡನೆಯ, ಕಡಿದಾದ ಅಲೆಗಳು ಬಂದರೆ ನೀರು ನೇರ ಅಟ್ಟದ ಮೇಲೆ ಹರಿಯುತ್ತದೆ. ಕಟಾಂಜನ, ಚಾವಣಿ ಎರಡೂ ಗಾಳಿಗೆ ಹಾಯಿಯ ಹಾಗೆ ಸಿಕ್ಕಿಕೊಳ್ಳುತ್ತವೆ. ವಾಯುವ್ಯದಿಂದ ಬೀಸುವ ಶಮಾಲ್ ಗಾಳಿ ಎದ್ದಾಗ ತೆರೆದ ಕೊಲ್ಲಿಯಲ್ಲಿ ಇದು ಇರಬಾರದು.

ಹಾಗಾದರೆ ಎಲ್ಲಿ? ನಾವು ಕಂಡುಕೊಂಡ ಉತ್ತರ ಉಮ್ಮ್ ಅಲ್ ಕುವೈನ್‌ನ ಖೋರ್, ಅಂದರೆ ಒಳಹಿನ್ನೀರು. ಅಲ್ಲಿ ಕಾಂಡ್ಲಾ ಗಿಡಗಳಿವೆ, ಮರಳು ದಿಬ್ಬಗಳಿವೆ, ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಎದುರಿಗಿರುವ ಸಿನ್ನಿಯಾ ದ್ವೀಪದಲ್ಲಿ ಇಸ್ಲಾಂ ಬರುವ ಮೊದಲಿನದಿರಬಹುದಾದ ಕ್ರೈಸ್ತ ಮಠದ ಅವಶೇಷ ಸಿಕ್ಕಿದ ಸುದ್ದಿ 2022ರಲ್ಲಿ ಬಂದಿತ್ತು. ದ್ವೀಪವೇ ಅಡ್ಡ ನಿಂತು ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು ಹೆಚ್ಚಾಗಿ ಶಾಂತ. ನೀರು ಕಡಿಮೆ ಇರುವ ಜಾಗದಲ್ಲೂ ಪಾಂಟೂನ್ ತೇಲುತ್ತದೆ, ಎಂಜಿನ್ ಮೇಲಕ್ಕೆತ್ತಿ ನಿಧಾನ ಸಾಗಬಹುದು. ಆದರೆ ಇಳಿತದ ಹೊತ್ತಿನಲ್ಲಿ ದಿಬ್ಬಗಳು ಮೇಲೇಳುತ್ತವೆ. ಉಬ್ಬರ-ಇಳಿತದ ಪಟ್ಟಿ ನೋಡದೆ ಹೊರಟರೆ ಮರಳಿನ ಮೇಲೆ ಕೂತು ಆರು ಗಂಟೆ ಕಾಯಬೇಕಾದೀತು. ಕಡಲಹುಲ್ಲು ಬೆಳೆದ ಜಾಗದಲ್ಲಿ ಕಡಲಾಮೆಗಳು ಮೇಯುತ್ತವೆ, ಅಲ್ಲಿ ವೇಗ ಬೇಡ. ರಾಷ್ಟ್ರೀಯ ಹವಾಮಾನ ಕೇಂದ್ರದ ಸಮುದ್ರ ಮುನ್ಸೂಚನೆಯನ್ನು ಹಿಂದಿನ ರಾತ್ರಿಯೂ ಬೆಳಿಗ್ಗೆಯೂ ನೋಡಬೇಕು.

ಅಂಜಲ್ ಹಿಡಿಯಲು ಆಳಕ್ಕೆ ಹೋಗಬೇಕು ಎನ್ನುವವರು ಪಾಂಟೂನ್ ಕೊಳ್ಳಲೇಬಾರದು. ಅವರಿಗೆ ವಿ ಆಕಾರದ ತಳವಿರುವ ಫೈಬರ್ ದೋಣಿಯೇ ಸರಿ.

ತೂಕದ ಲೆಕ್ಕ

ಔಷಧ ವಿಭಾಗದಲ್ಲಿ ನಾವು ರೋಗಿಯ ತೂಕ ನೋಡಿ ಡೋಸ್ ಲೆಕ್ಕ ಹಾಕುತ್ತೇವೆ. ಇಲ್ಲೂ ಅದೇ ಕೆಲಸ. 25 ಇಂಚು ವ್ಯಾಸದ, 6 ಮೀಟರ್ ಉದ್ದದ ಒಂದು ಕೊಳವೆಯ ಗಾತ್ರ ಸುಮಾರು 1.9 ಘನ ಮೀಟರ್. ಕೊಳವೆಗಳು ಅರ್ಧಕ್ಕಿಂತ ಹೆಚ್ಚು ಮುಳುಗಬಾರದು ಎಂಬುದು ಒಳ್ಳೆಯ ನಿಯಮ. ಅರ್ಧ ಮುಳುಗಿದಾಗ ಎರಡು ಕೊಳವೆಗಳೂ ಸೇರಿ ಹೊರುವುದು ಸುಮಾರು 1,900 ಕೆ.ಜಿ.; ಉಪ್ಪುನೀರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಈಗ ಕಳೆಯೋಣ. ಅಟ್ಟ, ಸೋಫಾ ಸೇರಿ ದೋಣಿಯದೇ ತೂಕ 900 ಕೆ.ಜಿ. ಆಸುಪಾಸು. 115 ಎಚ್‌ಪಿ ಎಂಜಿನ್ ಸುಮಾರು 170. ನೂರು ಲೀಟರ್ ಪೆಟ್ರೋಲ್ 75. ಲಂಗರು, ಐಸ್ ಪೆಟ್ಟಿಗೆ, ಕುಡಿಯುವ ನೀರು, ಬಿರಿಯಾನಿ ಪಾತ್ರೆ ಸೇರಿ 60. ಉಳಿದದ್ದು 700 ಕೆ.ಜಿ.ಯಷ್ಟು. ತಲೆಗೆ 75 ಎಂದರೆ ಒಂಬತ್ತು ಜನ! ಆರು ಮನೆಯವರೆಲ್ಲ ಸೇರಿದರೆ ನಾವು ಇಪ್ಪತ್ತಮೂರು ಜನ. ಎಲ್ಲರೂ ಒಟ್ಟಿಗೆ ವಿಹಾರ ಹೋಗುವ ಆಸೆಯನ್ನು ನಾವು ಆ ಕಾಗದದ ಮೇಲೇ ಕೈಬಿಟ್ಟೆವು.

ಮೂರನೆಯ ಕೊಳವೆ ಇದ್ದರೆ ಹೊರುವ ಶಕ್ತಿಯೂ ಸ್ಥಿರತೆಯೂ ಹೆಚ್ಚುತ್ತವೆ, ಗಾಳಿಯಲ್ಲಿ ದೋಣಿ ಹಿಡಿತಕ್ಕೆ ಸಿಗುತ್ತದೆ. ಬೆಲೆಯೂ ಪೆಟ್ರೋಲ್ ಖರ್ಚೂ ಏರುತ್ತವೆ. ನಮ್ಮ ಲೆಕ್ಕ ಏನೇ ಹೇಳಲಿ, ತಯಾರಕರು ದೋಣಿಗೆ ಅಂಟಿಸಿರುವ ಸಾಮರ್ಥ್ಯ ಫಲಕದಲ್ಲಿ ಬರೆದದ್ದೇ ಕೊನೆಯ ಮಾತು. ಅದರಲ್ಲಿ ಜನರ ಸಂಖ್ಯೆಯೂ ಇರುತ್ತದೆ, ತೂಕವೂ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ನಿಲ್ಲಿಸಬೇಕು. ಮಗುವನ್ನೂ ಒಂದು ತಲೆ ಎಂದೇ ಎಣಿಸಿ.

ಗಾಳಕ್ಕೋ, ವಿಹಾರಕ್ಕೋ?

ವಿಹಾರದ ಮಾದರಿಯಲ್ಲಿ ಸುತ್ತಲೂ ಸೋಫಾ. ಗಾಳ ಹಾಕಲು ನಿಲ್ಲುವ ಜಾಗವೇ ಇರುವುದಿಲ್ಲ. ಮೀನುಗಾರಿಕೆ ಮಾದರಿಯಲ್ಲಿ ತಿರುಗುವ ಕುರ್ಚಿಗಳು, ರಾಡ್ ನಿಲ್ಲಿಸುವ ಹಿಡಿಕೆಗಳು, ಮೀನನ್ನು ಜೀವಂತ ಇಡುವ ನೀರಿನ ತೊಟ್ಟಿ ಇರುತ್ತವೆ. ಅಜ್ಜಿಗೆ ಕಾಲು ಚಾಚಲು ಜಾಗವಿಲ್ಲ. ಎರಡೂ ಬೇಕೆನ್ನುವ ನಮ್ಮಂಥವರಿಗೆ ಮುಂದೆ ಎರಡು ಮೀನುಗಾರಿಕೆ ಕುರ್ಚಿ, ಹಿಂದೆ ಸೋಫಾ ಇರುವ ಮಿಶ್ರ ಮಾದರಿ ಹೊಂದುತ್ತದೆ. ಗಾಳ ಬೀಸುವವರು ಒಂದು ತುದಿಯಲ್ಲಿ, ಮಕ್ಕಳು ಇನ್ನೊಂದು ತುದಿಯಲ್ಲಿ ಇರುವುದು ಕೊಕ್ಕೆಯ ಗಾಯ ತಪ್ಪಿಸಲೂ ಒಳ್ಳೆಯದು.

ಜೀವಂತ ತೊಟ್ಟಿಗೆ ಹೆಚ್ಚು ಹಣ ಕೊಡಬೇಡಿ. ಬೇಸಿಗೆಯಲ್ಲಿ ಇಲ್ಲಿನ ಸಮುದ್ರದ ನೀರೇ 32 ಡಿಗ್ರಿ ದಾಟುತ್ತದೆ, ಅದರಲ್ಲಿ ಮೀನು ಬಾಳುವುದಿಲ್ಲ. ಆ ಹಣದಲ್ಲಿ ದಪ್ಪ ಗೋಡೆಯ ಐಸ್ ಪೆಟ್ಟಿಗೆ ಕೊಳ್ಳಿ. ಬಂಗುಡೆ, ಅಂಜಲ್, ಟ್ಯೂನಾ ಜಾತಿಯ ಮೀನುಗಳು ಬಿಸಿಲಿನಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. 'ಮೀನಿನ ಅಲರ್ಜಿ' ಎಂದು ಜನ ಹೇಳುವುದರಲ್ಲಿ ಎಷ್ಟೋ ಸಲ ಕಾರಣ ಇದೇ.

ಉಪ್ಪಿಗೆ ತಡೆಯುವುದು

ಕೆರೆಗೆಂದು ಮಾಡಿದ ದೋಣಿಯನ್ನು ಹಾಗೇ ಉಪ್ಪುನೀರಿಗೆ ಇಳಿಸಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಉಪ್ಪುನೀರಿನ ಬಳಕೆಗೆ ಸಜ್ಜುಗೊಳಿಸಿದ ಮಾದರಿಯೇ ಬೇಕೆಂದು ಕೇಳಿ. ತನ್ನನ್ನು ಸವೆಸಿಕೊಂಡು ಕೊಳವೆಯನ್ನು ಉಳಿಸುವ ಸತು ಅಥವಾ ಅಲ್ಯೂಮಿನಿಯಂ ಆನೋಡ್ ತುಂಡುಗಳು ಇವೆಯೇ ನೋಡಿ; ಮೆಗ್ನೀಸಿಯಂ ಆನೋಡ್ ಸಿಹಿನೀರಿಗೆ ಮಾತ್ರ. ತಳಕ್ಕೆ ತಾಮ್ರವಿರುವ ಬಣ್ಣ ಬಳಿಸಬೇಡಿ, ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ವಾರಂಟಿ ಉಪ್ಪುನೀರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಪ್ರತಿ ಸಲ ಬಂದ ಮೇಲೆ ಎಂಜಿನ್ನಿನೊಳಗೆ ಸಿಹಿನೀರು ಹರಿಸಿ, ಕೊಳವೆಗಳನ್ನೂ ತೊಳೆಯಬೇಕು. ನೀರಿನಲ್ಲೇ ಕಟ್ಟಿಹಾಕುವುದಕ್ಕಿಂತ ಟ್ರೇಲರ್ ಮೇಲೆ ಇಟ್ಟರೆ ದೋಣಿ ಹೆಚ್ಚು ಕಾಲ ಬಾಳುತ್ತದೆ. ಸೋಫಾದ ಬಣ್ಣ ತಿಳಿಯದಿರಲಿ; ಕಪ್ಪು ವಿನೈಲ್ ಮೇಲೆ ಇಲ್ಲಿನ ಮಧ್ಯಾಹ್ನ ಕೂರಲಾಗುವುದಿಲ್ಲ.

ಔಷಧ ಪೆಟ್ಟಿಗೆಯ ಮಾತು

ಇದು ನಮ್ಮ ವೃತ್ತಿಯ ಮಾತು, ಸ್ವಲ್ಪ ನಿಧಾನವಾಗಿ ಓದಿ. ಎಂಜಿನ್ ಚಾಲೂ ಇಟ್ಟು ನಿಂತಲ್ಲೇ ನಿಂತಾಗ ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ದೋಣಿಯ ಹಿಂಭಾಗದಲ್ಲಿ, ಮುಚ್ಚಿದ ಪರದೆಗಳ ಒಳಗೆ ಸೇರಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದರ ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ತಲೆಸುತ್ತು. ಸಮುದ್ರದ ವಾಂತಿಯ ಲಕ್ಷಣಗಳೂ ಹೆಚ್ಚುಕಡಿಮೆ ಇವೇ! ಹಿಂದೆ ಕುಳಿತ ಮಗು "ತಲೆ ತಿರುಗುತ್ತೆ" ಎಂದರೆ ಮಾತ್ರೆ ಹುಡುಕುವ ಮೊದಲು ಎಂಜಿನ್ ನಿಲ್ಲಿಸಿ, ಮುಂದಕ್ಕೆ, ಗಾಳಿಗೆ ಕರೆತನ್ನಿ. ಎಂಜಿನ್ ಓಡುವಾಗ ಹಿಂದಿನ ಏಣಿಯ ಬಳಿ ಯಾರೂ ಕೂರಬಾರದು, ಈಜಬಾರದು.

ವಾಂತಿ ತಡೆಯುವ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ. ದೋಣಿ ಓಡಿಸುವವರು ಅವನ್ನು ತೆಗೆದುಕೊಳ್ಳಬಾರದು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಕೇಳದೆ ನುಂಗಬಾರದು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಬಿಸಿಲಿನಲ್ಲಿ ನೀರಿನಂಶ ಬೇಗ ಇಳಿಯುತ್ತದೆ. ಹೊರಡುವ ಮೊದಲು ವೈದ್ಯರನ್ನು ಕೇಳಿಕೊಳ್ಳಲಿ. ಇನ್ಸುಲಿನ್ ಅನ್ನು ಮೀನಿನ ಐಸಿನ ಮೇಲೆ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಂಬಲರ್ಹವಲ್ಲ, ಎಸೆಯಬೇಕು.

ಇಲ್ಲಿ ಸಾಫಿ ಎಂದು ಕರೆಯುವ ಮೀನಿನ ಮುಳ್ಳಿನಲ್ಲಿ ವಿಷವಿದೆ. ನಮ್ಮ ತೊರಕೆಯ ಬಾಲದ ಮುಳ್ಳಿನಂತೆಯೇ ಉರಿಯುತ್ತದೆ. ಎರಡಕ್ಕೂ ಪ್ರಥಮ ಚಿಕಿತ್ಸೆ ಬಿಸಿನೀರು: ಚರ್ಮ ಸುಡದಷ್ಟು, 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು, ಆಮೇಲೆ ಆಸ್ಪತ್ರೆ. ಹಾಗಾಗಿ ಫ್ಲಾಸ್ಕಿನಲ್ಲಿ ಚಹಾ ಒಂದೇ ಅಲ್ಲ, ಬಿಸಿನೀರೂ ಇರಲಿ.

ಕಾಗದಪತ್ರ ಮತ್ತು ಕರಾರು

ಕಾರಿಗೆ ಮುಲ್ಕಿಯಾ ಇದ್ದಂತೆ ದೋಣಿಗೂ ನೋಂದಣಿ ಬೇಕು. ವಿಮೆ, ಓಡಿಸುವವರ ಪರವಾನಗಿ, ಮೀನು ಹಿಡಿಯುವ ಅನುಮತಿ ಬೇರೆ ಬೇರೆ. ಎಮಿರೇಟ್‌ನಿಂದ ಎಮಿರೇಟ್‌ಗೆ ವಿಧಾನ ಬದಲಾಗುವುದರಿಂದ ಮುಂಗಡ ಕೊಡುವ ಮೊದಲೇ ಕಚೇರಿಯಲ್ಲಿ ಕೇಳಿ. ಊರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಇರುವಂತೆ ಇಲ್ಲೂ ಕೆಲವು ಜಾತಿಯ ಮೀನುಗಳಿಗೆ ಮರಿ ಮಾಡುವ ಕಾಲದಲ್ಲಿ ನಿಷೇಧವಿರುತ್ತದೆ. ಆ ವರ್ಷದ ಆದೇಶ ನೋಡಿಕೊಳ್ಳಬೇಕು. ಹೊರಗಿನವರನ್ನು ಹಣ ಪಡೆದು ಕರೆದೊಯ್ದರೆ ಅದು ವ್ಯಾಪಾರವಾಗುತ್ತದೆ, ಅದಕ್ಕೆ ಬೇರೆಯೇ ಲೈಸೆನ್ಸ್.

ನಮ್ಮ ನಡುವೆ ಹೆಚ್ಚು ಹೊತ್ತು ಚರ್ಚೆಯಾದದ್ದು ಎಂಜಿನ್ ಬಗ್ಗೆ ಅಲ್ಲ, ವೀಸಾ ಬಗ್ಗೆ. ಇಲ್ಲಿ ಯಾರ ಕೆಲಸ ಯಾವಾಗ ಮುಗಿಯುತ್ತದೆಂದು ಯಾರಿಗೆ ಗೊತ್ತು? ದೋಣಿ ಯಾರ ಹೆಸರಿನಲ್ಲಿದೆಯೋ ಅವರ ವೀಸಾ ಕ್ಯಾನ್ಸಲ್ ಆದರೆ ಉಳಿದವರ ಹಣದ ಗತಿಯೇನು? ಒಬ್ಬರು ಊರಿಗೆ ಹೊರಟರೆ ಅವರ ಪಾಲಿಗೆ ಎಷ್ಟು, ಯಾವಾಗ ಕೊಡಬೇಕು? ವರ್ಷಕ್ಕೆ ಎಷ್ಟು ಮೌಲ್ಯ ಕಳೆಯಬೇಕು, ರಿಪೇರಿಗೆ ತಿಂಗಳಿಗೆ ಎಷ್ಟು ಎತ್ತಿಡಬೇಕು, ಯಾರ ಸರದಿಯಲ್ಲಿ ಹಾನಿಯಾದರೆ ಯಾರು ಹೊಣೆ? ಇವನ್ನೆಲ್ಲ ಎರಡು ಪುಟದಲ್ಲಿ ಬರೆದು ಆರೂ ಜನ ಸಹಿ ಹಾಕಿದೆವು. ಇಪ್ಪತ್ತು ವರ್ಷದ ಗೆಳೆತನಕ್ಕೆ ಸಹಿ ಯಾಕೆ ಎಂದು ಭಟ್ಕಳದವರು ಕೇಳಿದರು. ಗೆಳೆತನ ಉಳಿಯಲಿ ಎಂದೇ ಸಹಿ ಎಂದು ಅಕೌಂಟ್ಸಿನವರು ಹೇಳಿದರು.

ಕೊನೆಗೆ ನಾವು ನಿಂತಿರುವುದು ಇಲ್ಲಿ: ಮೂರು ಕೊಳವೆಯ, 22 ಅಡಿಯ ಮಿಶ್ರ ಮಾದರಿ, ಖೋರ್ ಬಿಟ್ಟು ಹೊರಗೆ ಹೋಗುವುದಿಲ್ಲ, ಒಂದು ಸಲಕ್ಕೆ ಎರಡೇ ಮನೆಯವರು, ಮಲ್ಪೆಯವರು ಮತ್ತು ಭಟ್ಕಳದವರು ಓಡಿಸುವ ಪರವಾನಗಿ ಪಡೆದ ಮೇಲಷ್ಟೇ ಮುಂಗಡ. ಲೈಫ್ ಜಾಕೆಟ್ ಮಾತ್ರ ಈಗಾಗಲೇ ಕೊಂಡಾಗಿದೆ, ಮಕ್ಕಳಿಗೆ ಅವರವರ ತೂಕಕ್ಕೆ ತಕ್ಕಂತೆ. ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿದರೆ ಅದು ಆ ಮಗುವಿನದಲ್ಲ. ನೀವೂ ದೋಣಿಯ ಯೋಚನೆಯಲ್ಲಿದ್ದರೆ ಅಲ್ಲಿಂದಲೇ ಶುರುಮಾಡಿ.